ವಿಮಾನಕ್ಕೆ ಉಡಿ ತುಂಬಿದ ದಿನ

ಗಂಡ ಸತ್ತಿದ್ದಾನೆ ಎಂಬ ಒಂದೇ ಅರ್ಹತೆಯ ಮೇಲೆ ನಮಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಗಬೇಡಿ. ಇದ್ದದ್ದನ್ನೇ ಹೇಳುತ್ತಿದ್ದೇನೆ.

ಯಾದಗಿರಿ ದಾಟಿ ಕೊಂಕಲ್ ಕಡೆ ತಿರುಗಿದರೆ ಎರೆಹೊಲದ ನಡುವೆ ಬಿಳಿ ತಗಡಿನ ಶೆಡ್ಡು ಕಾಣುತ್ತದೆ. ಅದರೊಳಗೆ ಜನ ಕೂತು ಹೋಗುವ ವಿಮಾನ ತಯಾರಾಗುತ್ತದೆ. ಲೋಹದ್ದಲ್ಲ, ಕಾರ್ಬನ್ ನಾರಿನದು. ಅಂಟು ಸವರಿದ ಕಪ್ಪು ಬಟ್ಟೆಯನ್ನು ಅಚ್ಚಿನ ಮೇಲೆ ಪದರಕ್ಕೆ ಪದರ ಹಾಸಬೇಕು, ಒತ್ತಬೇಕು, ಮನೆಗಿಂತ ದೊಡ್ಡ ಒಲೆಯೊಳಗೆ ನೂಕಿ ಬೇಯಿಸಬೇಕು. ಬೆಂದ ಮೇಲೆ ಅದು ಉಕ್ಕಿಗಿಂತ ಗಟ್ಟಿ, ತೂಕಕ್ಕೆ ಹಗುರ. ಆ ಬಟ್ಟೆ ಹಾಸುವವರು ನಾವು.

ಹಾಸುವಾಗ ನಡುವೆ ಒಂದು ಕೂದಲು ಬಿದ್ದರೂ ಆ ತುಂಡು ರದ್ದಿಗೆ ಹೋಗುತ್ತದೆ. ಹಾಗಾಗಿ ಒಳಗೆ ಹೋಗುವ ಹೆಂಗಸಿನ ಮೈಮೇಲೆ ಏನೂ ಇರಕೂಡದು. ಬಳೆ, ತಾಳಿ, ಕಾಲುಂಗುರ, ಮೂಗುತಿ ಎಲ್ಲ ಗೇಟಿನ ಡಬ್ಬಿಗೆ ಹಾಕಬೇಕು. ಕುಂಕುಮ ಒರೆಸಬೇಕು. ಮೊದಲು ಬಂದವರು ಗಂಡ ಇದ್ದ ಹೆಂಗಸರು. ತಾಳಿ ತೆಗಿ ಅಂದ ಕೂಡಲೇ ಸೆಕ್ಯೂರಿಟಿಯವನ ಮುಖಕ್ಕೆ ಉಗಿದು ಬಂದ ಬಸ್ಸನ್ನೇ ಹತ್ತಿ ಹೋದರು. ಅವರು ಮಾಡಿದ್ದು ಸರಿಯೇ. ಸೂಪರ್‌ವೈಜರನ ಬೆರಳಿನ ನೀಲಿ ಹರಳಿನ ಉಂಗುರಕ್ಕೆ ಮಾತ್ರ ಮೇಲೊಂದು ಟೇಪು ಸುತ್ತಿದರೆ ನಡೆಯುತ್ತಿತ್ತು. ಅವನ ಶನಿ ಬಿಡಬೇಕಲ್ಲ.

ಕೂಲಿಯಾಳು ಒದಗಿಸುವ ಗುತ್ತಿಗೆ ಶಹಾಪುರದ ಹಂಪಣ್ಣನದು. ಹತ್ತಿ ವ್ಯಾಪಾರಿ. ಹತ್ತಿ ಮುಗಿದ ಮೇಲೆ ಮನುಷ್ಯರ ವ್ಯಾಪಾರ. ಕಂಪನಿಯವರು ತಲೆ ಮೇಲೆ ಕೈಹೊತ್ತು ಕೂತಾಗ ದಾರಿ ತೋರಿಸಿದವನು ಅವನೇ.

“ಅದಕ್ಯಾಕ ತಲಿ ಕೆಡಿಸ್ಕೋತೀರಿ ಸಾಹೇಬ್ರ? ಗಂಡ ಸತ್ತವರನ್ನ ತರ್ತೀನಿ. ತೆಗಿಯಾಕ ಏನೂ ಇರೂದಿಲ್ಲ.”

ಹಾಗೆ ಬಂದವರು ನಾವು. ಕೊಂಕಲ್‌ನಿಂದ ನಾನು, ಹೆಸರು ದುರ್ಗಾದೇವಿ. ರಾಮಸಮುದ್ರದಿಂದ ಕಸ್ತೂರಿ. ರಂಗಂಪೇಟೆಯಿಂದ ಬಂದು ಯಾದಗಿರಿಯಲ್ಲಿ ಕೋಣೆ ಹಿಡಿದ ಗೌಹರಬೇಗಂ. ಇನ್ನೂ ಸುತ್ತಲ ಊರಿನ ಎಷ್ಟೋ ಮಂದಿ. ಊರಲ್ಲಿ ಯಾರಿಗೂ ಬೇಡವಾದವರನ್ನು ಒಂದು ಕಡೆ ಗುಡ್ಡೆ ಹಾಕಿ ನುರಿತ ಕೆಲಸಗಾರರು ಎಂದು ಹೆಸರಿಟ್ಟರು.

ಕೆಲಸ ಅಂದರೆ ನಿಂತೇ ಇರುವುದು. ಬಿಳಿ ಗೌನು, ಟೊಪ್ಪಿಗೆ, ಬಾಯಿಗೆ ಬಟ್ಟೆ, ಕೈಗೆ ಎರಡೆರಡು ಗವಸು. ಚಳಿಯ ಕೋಣೆಯಿಂದ ತಂದ ಬಟ್ಟೆ ಮೊದಲು ಹಪ್ಪಳದ ಹಾಗೆ ಸೆಟೆದಿರುತ್ತದೆ, ಆಮೇಲೆ ಬೆಲ್ಲದ ಪಾಕದ ಹಾಗೆ ಹಿಡಿಯುತ್ತದೆ. ಅಚ್ಚಿನ ಮೇಲೆ ಬಗ್ಗಿ ಮೈಭಾರ ಬಿಟ್ಟು ಒತ್ತಬೇಕು. ಒಳಗೆ ಗಾಳಿ ಉಳಿಯಬಾರದು. ಉಚ್ಚೆಗೆ ಹೋಗಬೇಕೆಂದರೆ ಗೌನು ಬಿಚ್ಚಬೇಕು, ಮತ್ತೆ ಹಾಕಬೇಕು, ಸೂಪರ್‌ವೈಜರನ ಮುಖ ನೋಡಬೇಕು. ಅದಕ್ಕೇ ನಾವು ನೀರು ಕುಡಿಯುವುದನ್ನೇ ಬಿಟ್ಟೆವು. ಅಂಟಿನ ತುರಿಕೆ ಗವಸು ದಾಟಿ ಬಂತು. ಕಸ್ತೂರಿಯ ಬೆರಳ ಸಂದು ಬಿರಿದು ರಸ ಒಸರುತ್ತಿತ್ತು. ಕಂಪನಿಯ ಡಾಕ್ಟರು ಕೊಬ್ಬರಿ ಎಣ್ಣೆ ಹಚ್ಚು ಅಂದ. ಅಷ್ಟು ಓದಿ ಅವನು ಕಲಿತದ್ದು ಕೊಬ್ಬರಿ ಎಣ್ಣೆ.

ಆದರೂ ಒಂದು ಮಾತು ಹೇಳಬೇಕು. ಮೊದಲ ವಿಮಾನದ ಹೊಟ್ಟೆ ಒಲೆಯಿಂದ ಹೊರಗೆ ಬಂದ ದಿನ ನಾನು ಅದರ ಮುಂದೆ ನಿಂತು ಅತ್ತೆ. ಕರ್ರಗೆ, ನುಣ್ಣಗೆ, ಎರಡಾಳೆತ್ತರ, ಒಳಗೆ ಎತ್ತಿನ ಬಂಡಿ ಓಡಾಡುವಷ್ಟು ಅಗಲ. ನನ್ನ ಕೈಯಿಂದ ಅಷ್ಟು ದೊಡ್ಡದು ಏನೂ ಆಗಿರಲಿಲ್ಲ. ಅದು ನನ್ನದು ಅನ್ನಿಸಿತು. ಕಂಪನಿಯ ಕಾಗದದಲ್ಲಿ ಯಾರದಾದರೂ ಇರಲಿ.

ಈ ಮಾತನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಮನೆಯಲ್ಲಿ ನಮ್ಮತ್ತೆ ಮಲ್ಲಾಬಾಯಿ ಇದ್ದಳು. ನನ್ನ ಗಂಡ ವೆಂಕಟಪ್ಪ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಸಾರುವೆಯಿಂದ ಬಿದ್ದು ಸತ್ತ. ಅವತ್ತಿನಿಂದ ನಾನು ಗಂಡನ್ನ ನುಂಗಿದಾಕಿ. ಬೆಳಗಿನ ಹೊತ್ತು ಹೊಲಕ್ಕೆ ಹೋಗುವವರಿಗೆ ನನ್ನ ಮುಖ ಎದುರಾಗಬಾರದು, ಬಿತ್ತಿದ ಬೀಜ ಹುಟ್ಟುವುದಿಲ್ಲವಂತೆ. ಹಾಗಾಗಿ ಡ್ಯೂಟಿಗೆ ಹೊರಟಾಗ ನಾನು ಮುಂಬಾಗಿಲು ಬಿಟ್ಟು ದನದ ಕೊಟ್ಟಿಗೆಯ ಕಡೆಯಿಂದ ಹೊರಬೀಳಬೇಕು. ಇದು ಮಲ್ಲಾಬಾಯಿಯ ಕಾನೂನು. ಅವಳೂ ಗಂಡ ಸತ್ತವಳೇ. ಆದರೆ ಅವಳು ಹಳೇ ರಂಡಿ, ನಾನು ಹೊಸ ರಂಡಿ. ಸೀನಿಯಾರಿಟಿ ಯಾವ ಕಂಪನಿಯಲ್ಲಿಲ್ಲ?

ಒಂದು ದಿನ ಉಣ್ಣುವಾಗ ಅವಳು ಅಂದಳು, “ನೀ ಮುಟ್ಟಿದ್ದು ಮುಗಿಲಿಗೆ ಹಾರ್ತದೇನು? ಹಾರಿದ್ರೂ ಬೀಳ್ತದ ತಗೋ.”

ಬೀಳುವ ಮಾತನ್ನು ಅವಳು ಆಡಬಾರದಿತ್ತು. ಬಿದ್ದವನು ಅವಳ ಹೊಟ್ಟೆಯ ಮಗನೇ ಆಗಿದ್ದ. ನಾನು ತಾಟು ಸರಿಸಿ ಎದ್ದೆ. “ಬಂದು ನೋಡು. ನೋಡಿ ಮಾತಾಡು,” ಅಂದೆ.

ನೋಡುವ ದಿನ ಬಂತು. ಮೊದಲ ವಿಮಾನದ ಹೊಟ್ಟೆಯನ್ನು ಜನಕ್ಕೆ ತೋರಿಸುತ್ತಾರಂತೆ, ಜಮೀನು ಕೊಟ್ಟ ಮನೆಗಳ ಹಿರಿಯರಿಗೆಲ್ಲ ಬಸ್ಸು ಕಳಿಸಿ ಕಾರ್ಖಾನೆ ಸುತ್ತಿಸುತ್ತಾರಂತೆ. ಆ ಶೆಡ್ಡಿನ ಒಂದು ಮೂಲೆ ನಮ್ಮ ಹೊಲ. ಹೊಲ ಅತ್ತೆಯ ಹೆಸರಿನಲ್ಲಿತ್ತು. ಅವಳಿಗೂ ಕರೆ ಬಂತು. ಊರ ಜನರನ್ನು ಸಂಭಾಳಿಸುವ ಕಂಪನಿಯ ಆಫೀಸರ್ ಚೇತನಕುಮಾರನ ಹತ್ತಿರ ನಾವೆಲ್ಲ ಹೋಗಿ ಕೇಳಿದೆವು. ಆ ದಿನ ನಾವು ಮಾಡಿದ್ದರ ಪಕ್ಕದಲ್ಲಿ ನಾವು ನಿಲ್ಲಬೇಕು. ಬೇರೇನೂ ಬೇಡ, ನಿಲ್ಲಬೇಕು ಅಷ್ಟೆ. ಅವನು ಅಂಗಡಿ ಗೊಂಬೆಯ ಹಾಗೆ ನಕ್ಕು, “ಖಂಡಿತ ಅಮ್ಮಾ, ಅದು ನಿಮ್ಮ ಹಕ್ಕು,” ಅಂದ. ಹಕ್ಕು ಎಂಬ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂದರೆ ಸಂಶಯಪಡಬೇಕಿತ್ತು.

ಆ ಬೆಳಿಗ್ಗೆ ತೊಳೆದ ಗೌನು ಹಾಕಿಕೊಂಡು ವಿಮಾನದ ಪಕ್ಕದಲ್ಲಿ ಸಾಲಾಗಿ ನಿಂತಿದ್ದೆವು. ಚೇತನಕುಮಾರ ಓಡಿಬಂದ.

“ಸ್ವಲ್ಪ ಹೊತ್ತು ನೀವೆಲ್ಲ ಪ್ಯಾಕಿಂಗ್ ಸ್ಟೋರಿನಲ್ಲಿ ಕುಳಿತುಕೊಳ್ಳಿ. ಮುತ್ತೈದೆಯರಿಂದ ಉಡಿ ತುಂಬಿಸುವ ಕಾರ್ಯಕ್ರಮ ಇದೆ. ಹಂಪಣ್ಣನವರ ಮನೆಯವರೇ ಬರುತ್ತಿದ್ದಾರೆ.”

“ಯಾರಿಗ್ರಿ ಉಡಿ?” ಕಸ್ತೂರಿ ಕೇಳಿದಳು.

“ವಿಮಾನಕ್ಕೆ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ. ಸಂಸ್ಕೃತಿ ಅಲ್ಲವೇ? ಇದೊಂದು ಸಣ್ಣ ಸೆಂಟಿಮೆಂಟು. ತಪ್ಪು ತಿಳಿಯಬೇಡಿ.”

ಅವನ ಹಿಂದೆ ಪರಿಮಳಾ ನಿಂತಿದ್ದಳು. ವಿಮಾನ ಕೊಳ್ಳುವ ಕಂಪನಿಯ ತಪಾಸಣೆಯವಳು. ಅವಳು ಸಹಿ ಹಾಕದೆ ಇಲ್ಲಿಂದ ಒಂದು ಮೊಳೆಯೂ ಹೊರಗೆ ಹೋಗುವುದಿಲ್ಲ. ಎಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡು ತನ್ನ ಫೋನು ನೋಡಿದಳು.

ಗೌಹರಬೇಗಂ ಮಾತ್ರ, “ಬಳಿ ಇಟ್ಟುಕೊಂಡ್ರ ಗೇಟು ದಾಟಂಗಿಲ್ಲಂತ ನಮಗ ಹೇಳ್ತಿದ್ರಲ್ಲ ಸಾಬ?” ಅಂದಳು.

“ಇವತ್ತೊಂದು ದಿನ ವಿನಾಯಿತಿ,” ಅಂದ. ನಮ್ಮನ್ನು ಸ್ಟೋರಿನೊಳಗೆ ಬಿಟ್ಟು ಹಿಂದೆ ಬಾಗಿಲು ಹಾಕಿದ. ಹೊರಗಿನಿಂದ ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಸ್ಟೋರಿನ ತುಂಬ ಮರದ ಪೆಟ್ಟಿಗೆ, ರಟ್ಟು, ಥರ್ಮಾಕೋಲು. ಒಂದು ಗಾಜಿನ ಕಿಟಕಿ. ಅದರಿಂದ ವಿಮಾನ ನಿಂತ ಹಾಲ್ ಪೂರ್ತಿ ಕಾಣುತ್ತಿತ್ತು. ಹೊರಗಿನ ಮಾತೆಲ್ಲ ಒಳಗೂ ಕೇಳಿಸುತ್ತಿತ್ತು. ಹೀಗಾಗಿ ನಮ್ಮ ಕಾರ್ಖಾನೆಯ ಟೂರನ್ನು ನಾವು ರದ್ದಿ ಸಾಮಾನಿನ ನಡುವೆ ಕೂತು ನೋಡಿದೆವು.

ಮುಂದೆ ಹಂಪಣ್ಣ, ಬಿಳಿ ಜುಬ್ಬಾ, ಹೆಗಲಿಗೆ ಜರಿ ಶಲ್ಯ. ಹಿಂದೆ ಅವನ ಹೆಂಡತಿ ಕಲ್ಯಾಣಮ್ಮ, ಮೊಣಕೈತನಕ ಹಸಿರು ಬಳೆ, ಜೊತೆಗೆ ಇನ್ನಷ್ಟು ರೇಷ್ಮೆ ಸೀರೆಗಳು. ಅವರ ಹಿಂದೆ ನಮ್ಮೂರಿನವರು, ಕೈಯಲ್ಲಿ ಕಂಪನಿ ಕೊಟ್ಟ ಕಾಗದದ ಟೊಪ್ಪಿಗೆ, ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡಿದ್ದರು. ಹಂಪಣ್ಣ ಎಮ್ಮೆ ಕೊಳ್ಳುವವನ ಹಾಗೆ ವಿಮಾನದ ಪಕ್ಕೆಗೆ ಬಡಿದು ನೋಡಿದ.

“ಪ್ಲಾಸ್ಟಿಕ್ ಇದ್ದಂಗದ ಅಲ್ರೀ? ಗಟ್ಟಿ ಅದೇನು?”

ಇಷ್ಟು ದಿನ ಇದಕ್ಕೆ ಆಳು ಒದಗಿಸಿದವನು ಕೇಳಿದ ಪ್ರಶ್ನೆ ಇದು. ಚೇತನಕುಮಾರ ಮೈಕು ಹಿಡಿದು ಪಾಠ ಒಪ್ಪಿಸಿದ. ಉಕ್ಕಿಗಿಂತ ಗಟ್ಟಿ, ತುಕ್ಕು ಹಿಡಿಯುವುದಿಲ್ಲ, ಎಣ್ಣೆ ಉಳಿತಾಯ. ಕೊನೆಗೆ, “ಅತ್ಯಾಧುನಿಕ ಯಂತ್ರಗಳಿಂದ, ಮನುಷ್ಯರ ಕೈ ಸೋಂಕದಂತೆ ತಯಾರಾದದ್ದು,” ಅಂದ.

ಕಸ್ತೂರಿ ತನ್ನ ಬಿರಿದ ಬೆರಳು ನೋಡಿಕೊಂಡಳು. ನನಗೆ ಎದೆಯಲ್ಲಿ ಬೆಂಕಿ ಬಿದ್ದಿತ್ತು. ನಾವು ಮನುಷ್ಯರಲ್ಲ, ಸರಿ. ಯಂತ್ರ ಅಂತಲಾದರೂ ಅಲ್ಲಿ ನಿಲ್ಲಿಸಬಹುದಿತ್ತು.

ಆಗ ಗುಂಪಿನಿಂದ ಗಟ್ಟಿ ದನಿಯೊಂದು ಬಂತು. “ನಮ್ಮ ಸೊಸಿ ಎಲ್ಲಿ ಅದಾಳ್ರಿ? ಇದು ಆಕಿ ಮಾಡ್ಯಾಳಂತ.”

ಮಲ್ಲಾಬಾಯಿ. ಪೆಟ್ಟಿಗೆಯ ತಳದಿಂದ ತೆಗೆದ ಇಳಕಲ್ ಸೀರೆ ಉಟ್ಟಿದ್ದಳು. ಚೇತನಕುಮಾರ ನಕ್ಕ. ಕಲ್ಯಾಣಮ್ಮ ತಿರುಗಿ ನೋಡಿದಳು. ಅತ್ತೆಯ ಬರಿ ಕೈ ನೋಡಿದಳು, ಬರಿ ಹಣೆ ನೋಡಿದಳು, ಗಂಡನ ಕಿವಿಯಲ್ಲಿ ಏನೋ ಅಂದಳು. ಹಂಪಣ್ಣ ಕಣ್ಣಲ್ಲೇ ಸನ್ನೆ ಮಾಡಿದ. ಸೆಕ್ಯೂರಿಟಿಯವನು ಬಂದು ಅವಳ ರಟ್ಟೆ ಹಿಡಿದ. ಅವಳು ಜಾಡಿಸಿದಳು. ಅವನು ಮತ್ತೆ ಹಿಡಿದ. ಊರವರು ನೋಡುತ್ತ ನಿಂತರು. ಸ್ಟೋರಿನ ಚಿಲಕ ತೆಗೆದು ಅವಳನ್ನು ಒಳಗೆ ನೂಕಿ ಮತ್ತೆ ಹಾಕಿದರು.

ಅವಳು ನಮ್ಮನ್ನೆಲ್ಲ ನೋಡಿದಳು. ಬಿಳಿ ಗೌನಿನ, ಬರಿಗೈಯ ಒಂದು ಕೋಣೆ ತುಂಬ ಹೆಂಗಸರು. ಅವಳಿಗೆ ತಿಳಿಯಲು ಯಾರೂ ಏನೂ ಹೇಳಬೇಕಾಗಲಿಲ್ಲ. ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ನನಗೆ ಕನಿಕರ ಬರಲಿಲ್ಲ. ಉಂಡು ನೋಡು ಅನ್ನಿಸಿತು. ಕೊಟ್ಟಿಗೆಯ ಬಾಗಿಲು ಹೇಗಿರುತ್ತದೆ ಅಂತ ಈಗ ನೋಡು.

ಕಿಟಕಿಯ ಕಡೆ ಕೈ ತೋರಿಸಿ ಕೇಳಿದಳು.

“ಹೊಲ ಬರಸ್ಕೊಳ್ಳಾಕ ಮನಿಗಿ ಬಂದಾಗ ನಾ ರಂಡಿ ಇದ್ದಿದ್ದಿಲ್ಲೇನು? ನನ್ನ ಕೈ ಹಿಡಿದು ಹೆಬ್ಬಟ್ಟು ಒತ್ತಿಸಿದ್ರಲ್ಲ, ಆಗ ಈ ಕೈ ಅಪಶಕುನ ಇದ್ದಿದ್ದಿಲ್ಲೇನು?”

ಉತ್ತರ ಕೊಡಬೇಕಾದವರು ಹೊರಗೆ ಆರತಿ ತಟ್ಟೆ ಹಿಡಿದಿದ್ದರು.

ಏಣಿ ಹತ್ತಿ ರೇಷ್ಮೆ ಸೀರೆಗಳು ವಿಮಾನದ ಹೊಟ್ಟೆಯೊಳಗೆ ಹೋದವು. ಹೊಟ್ಟೆಯ ತೆರೆದ ತುದಿ ನಮ್ಮ ಕಿಟಕಿಗೇ ಮುಖ ಮಾಡಿತ್ತು. ಒಳಗೆ ಇನ್ನೂ ನೆಲ ಹಾಸಿರಲಿಲ್ಲ. ನಡೆಯಲು ನಾಲ್ಕು ಹಲಗೆ, ಅದರ ಕೆಳಗೆ ಪಕ್ಕೆಲುಬಿನ ಹಾಗೆ ಸಾಲು ಸಾಲು ಪಟ್ಟಿ, ಪಟ್ಟಿಗಳ ನಡುವೆ ಕೈ ಮಾತ್ರ ಹೋಗುವ ಸಂದು. ಅಲ್ಲಿ ನಾವು ಉಸಿರು ಬಿಗಿಹಿಡಿದು ಓಡಾಡುತ್ತೇವೆ. ಇವರು ಹಲಗೆಯ ಮೇಲಿಟ್ಟ ಮೊರಕ್ಕೆ ಅಕ್ಕಿ ಸುರಿದರು. ಅರಿಷಿಣದ ಕೊಂಬು, ಕೊಬ್ಬರಿ ಬಟ್ಟಲು, ಕುಬಸದ ಖಣ. ಸೋಬಾನೆ ಹೇಳಿದರು. ಕೆಳಗೆ ಗಂಡಸರು ಚಪ್ಪಾಳೆ ತಟ್ಟಿದರು. ಆರತಿ ಎತ್ತಲು ಕಲ್ಯಾಣಮ್ಮ ಕೈ ಬೀಸಿದಳು. ಬೀಸಿದ ಕೈ ಪಕ್ಕದ ಪಟ್ಟಿಗೆ ಬಡಿಯಿತು.

ಉಕ್ಕಿಗಿಂತ ಗಟ್ಟಿ ಅಂತ ಆಗ ತಾನೇ ಹೇಳಿದ್ದರು. ಸುಳ್ಳಲ್ಲ.

ಒಂದು ಕೈಯ ಬಳೆ ಪೂರ್ತಿ ಪುಡಿ. ಹಸಿರು ಗಾಜು ಹಲಗೆಯ ಮೇಲೆ ಸಿಡಿದು, ಉರುಳಿ, ಸಂದಿನೊಳಗೆ ಇಳಿಯಿತು. ಕಲ್ಯಾಣಮ್ಮ ಚೀರಿದಳು. ಉಳಿದ ಹೆಂಗಸರು, “ಹೆಚ್ಚಿದವು ಬಿಡ್ರಿ, ಬಳಿ ಹೆಚ್ಚಿದವು,” ಅಂತ ಅವಳ ಬಾಯಿ ಮುಚ್ಚಿಸಲು ನೋಡಿದರು. ಬಳೆ ಒಡೆಯಿತು ಅನ್ನಬಾರದಲ್ಲ. ಅಂದರೆ ಗಂಡನಿಗೆ ಕೇಡು. ಕೆಳಗೆ ಹಂಪಣ್ಣನ ಮುಖ ಸುಣ್ಣವಾಗಿತ್ತು. ಗಟ್ಟಿಮುಟ್ಟಾಗಿ ನಿಂತ ಗಂಡಸು, ನಾಲ್ಕು ಗಾಜಿನ ಚೂರಿಗೆ ತನ್ನ ಎದೆ ಮುಟ್ಟಿ ನೋಡಿಕೊಂಡ.

ಆಗ ಪರಿಮಳಾ ಫೋನು ಕೆಳಗಿಟ್ಟಳು. ಅಂತೂ ಅವಳಿಗೊಂದು ತಪ್ಪು ಕಂಡಿತ್ತು. ನಮ್ಮನ್ನು ಕೋಣೆಗೆ ತುಂಬಿದ್ದು ಕಂಡಿರಲಿಲ್ಲ, ಗಾಜು ಕಂಡಿತು.

“ಎಲ್ಲರೂ ಕೆಳಗೆ ಇಳಿಯಿರಿ. ವಿಮಾನದ ಹೊಟ್ಟೆಯಲ್ಲಿ ಹೊರಗಿನ ಸಾಮಾನು ಬಿದ್ದಿದೆ. ಕೊನೆಯ ಚೂರು ಸಿಗುವ ತನಕ ನಾನು ಇದನ್ನು ಪಾಸು ಮಾಡುವುದಿಲ್ಲ.” ಕೆಂಪು ಚೀಟಿ ತೆಗೆದು ವಿಮಾನದ ಬಾಗಿಲಿಗೆ ಅಂಟಿಸಿಯೇ ಬಿಟ್ಟಳು.

ಆ ಸಂದಿನಲ್ಲಿ ಕೈ ಹಾಕಲು ಪರವಾನಗಿ ಇರುವವರು ಯಾರು? ಎಲ್ಲರ ಕಣ್ಣೂ ಸ್ಟೋರಿನ ಕಡೆ ತಿರುಗಿದವು. ಚಿಲಕ ತೆಗೆದದ್ದು ಚೇತನಕುಮಾರನೇ. ಬೆವರಿದ್ದ.

“ಬೇಗ ಬನ್ನಿ ಅಮ್ಮಾ. ಸ್ವಲ್ಪ ಹುಡುಕಿಕೊಡಿ.”

ನಾವು ಏಳಲಿಲ್ಲ.

“ಕೇಳಿಸಲಿಲ್ಲವೇ?”

“ಕೇಳಸ್ತು. ಬರೂದಿಲ್ಲ,” ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. “ನಾವು ಅಪಶಕುನ ಅದೀವಿ. ನಿಮ್ಮ ಮುತ್ತೈದೇರನ್ನ ಕರಕೊಂಡು ಹುಡುಕಸ್ರಿ. ಬಿದ್ದದ್ದು ಅವರದೇ ಅದಲ್ಲ.”

ಹಂಪಣ್ಣ ಅವನನ್ನು ಸರಿಸಿ ಮುಂದೆ ಬಂದ. “ಏನಲೇ ಸೊಕ್ಕು? ಬೀದಿಯಾಗ ಬಿದ್ದವರನ್ನ ತಂದು ವಿಮಾನದಾಗ ನಿಲ್ಲಿಸೀನಿ. ನಾಳಿಂದ ಗೇಟು ದಾಟೂದಿಲ್ಲ ನೋಡು ನೀವು.”

“ನಾಳಿ ಮಾತು ನಾಳಿಗಿರ್ಲಿ. ಇವತ್ತು ಯಾರ ಕೈ ತರ್ತಿ?”

ಅವನು ಹೆಂಡತಿಯ ಕಡೆ ನೋಡಿದ. ಪರಿಮಳಾ ಕಾನೂನು ಹೇಳಿದಳು. ಒಳಗೆ ಹೋಗುವವರು ಬಳೆ, ತಾಳಿ, ಕಾಲುಂಗುರ, ಎಲ್ಲ ಬಿಚ್ಚಿಡಬೇಕು. ಇನ್ನು ವಿನಾಯಿತಿ ಇಲ್ಲ. ಕಲ್ಯಾಣಮ್ಮ ಎರಡೂ ಕೈಯಿಂದ ತಾಳಿ ಅವುಚಿ ಹಿಂದೆ ಹಿಂದೆ ಸರಿದಳು. ನಾವು ದಿನಾ ಹೊಕ್ಕು ಹೊರಡುವ ಬಾಗಿಲು ಅವಳಿಗೆ ಸ್ಮಶಾನದ ಹಾಗೆ ಕಂಡಿತು. ನಾನು ಅವಳ ಮೇಲೆ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಅಸಹ್ಯವಾಯಿತು.

“ಹಾಗಿದ್ದರೆ ಬಳೆ, ಒಡವೆ ಇದ್ದವರು ಯಾರೂ ಈ ಹಾಲ್‌ನಲ್ಲಿ ಇರಕೂಡದು,” ಪರಿಮಳಾ ಅಂದಳು. “ಆದರೆ ಬಟ್ಟೆ ಜಾಡಿಸಿ ನೋಡುವ ತನಕ ಕಾರ್ಖಾನೆ ಬಿಟ್ಟು ಹೋಗುವ ಹಾಗೂ ಇಲ್ಲ. ಒಂದು ಚೂರು ಸೀರೆಯ ನೆರಿಗೆಯಲ್ಲೂ ಇರಬಹುದು.”

ಮತ್ತೆ ಎಲ್ಲಿ ಇರಬೇಕು? ಬಾಗಿಲಿದ್ದ ಕೋಣೆ ಒಂದೇ.

ನಾವು ಎದ್ದೆವು. ಹುಡುಕಲು ಅಲ್ಲ, ಜಾಗ ಬಿಡಲು. ನಾವು ಹೊರಗೆ ಬಂದೆವು, ರೇಷ್ಮೆ ಸೀರೆಗಳು ಒಳಗೆ ಹೋದವು. ಹಂಪಣ್ಣನ ಬೆರಳ ತುಂಬ ಉಂಗುರ, ಪರಿಮಳಾ ಅವನಿಗೂ ಬೆರಳು ತೋರಿಸಿದಳು. ಅವನು ಚೇತನಕುಮಾರನ ಮುಖ ನೋಡಿದ. ಚೇತನಕುಮಾರ ಕೆಂಪು ಚೀಟಿ ನೋಡುತ್ತಿದ್ದ. ಮರದ ಪೆಟ್ಟಿಗೆ ದಾಟಿ, ಥರ್ಮಾಕೋಲು ತುಳಿದು, ಹಂಪಣ್ಣ ಹೋಗಿ ನಿಂತ. ಚಿಲಕ ಹಾಕಿದವಳು ಗೌಹರಬೇಗಂ.

“ಸಣ್ಣ ಸೆಂಟಿಮೆಂಟು ಸಾಬ. ತಪ್ಪು ತಿಳೀಬ್ಯಾಡ್ರಿ,” ಅಂದಳು.

ಚೇತನಕುಮಾರ ನನ್ನ ಮುಂದೆ ಗವಸು ಚಾಚಿದ. “ಈಗಲಾದರೂ ಶುರು ಮಾಡಿ.”

“ಟೂರ್ ಇನ್ನೂ ಮುಗಿದಿಲ್ರಿ. ನಮ್ಮತ್ತಿ ನೋಡಿಲ್ಲ.”

ಬಾಯಿಗೆ ಕಟ್ಟಿದ್ದ ಬಟ್ಟೆ ಕೆಳಗೆ ಎಳೆದೆ. ಕಸ್ತೂರಿಯೂ ಎಳೆದಳು, ಗೌಹರಬೇಗಂ ಎಳೆದಳು, ಎಲ್ಲರೂ ಎಳೆದರು. ನಮ್ಮೂರಿನವರಿಗೆ ಈಗ ಮುಖ ಕಂಡವು. ಬೆಳಿಗ್ಗೆ ಎದುರಾಗಬಾರದ ಮುಖಗಳು. ನಾವು ವಿಮಾನದ ಪಕ್ಕದಲ್ಲಿ ಸಾಲಾಗಿ ನಿಂತೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಕಾಗಿಯೂ ಇರಲಿಲ್ಲ.

ನಾನು ಮಲ್ಲಾಬಾಯಿಯ ಕೈ ಹಿಡಿದು ವಿಮಾನದ ಉದ್ದಕ್ಕೂ ನಡೆಸಿದೆ. ಇಲ್ಲಿ ಬಟ್ಟೆ ಹಾಸುತ್ತೇವೆ, ಇಲ್ಲಿ ಒತ್ತುತ್ತೇವೆ, ಆ ಒಲೆಯಲ್ಲಿ ಬೇಯುತ್ತದೆ ಅಂದೆ. ಊರವರು ಹಿಂದೆ ಬಂದರು. ಅತ್ತೆ ನಡುವೆ ಒಂದು ಕಡೆ ನಿಂತು, ಕಪ್ಪು ಮೈಮೇಲೆ ಅಂಗೈ ಇಟ್ಟಳು. ಹೆಬ್ಬಟ್ಟು ಒತ್ತಿದ ಅದೇ ಕೈ. ನಂಬಿಕೆ ಬಾರದವಳ ಹಾಗೆ ಉಜ್ಜಿ ನೋಡಿದಳು.

ಆಮೇಲೆ ನನ್ನ ಕಡೆ ತಿರುಗಿ ತನ್ನ ಹಳೇ ಪ್ರಶ್ನೆ ಕೇಳಿದಳು. ಈ ಸಲ ಕುಹಕ ಇರಲಿಲ್ಲ. ನಿಜವಾಗಿ ಕೇಳಿದಳು.

“ಇದು ಹಾರ್ತದೇನು?”

“ಹಾರ್ತಿತ್ತು,” ಅಂದೆ. “ಈಗ ಹಾರೂದಿಲ್ಲ.”

“ಯಾಕ?”

“ಹೊಟ್ಯಾಗ ಗಾಜು ಅದ.”

“ಯಾರ್ದು?”

ಸ್ಟೋರಿನ ಒಳಗಿನಿಂದ ಹಂಪಣ್ಣ ಬಾಗಿಲು ಬಡಿಯುತ್ತಿದ್ದ. ಚೇತನಕುಮಾರ ಗವಸು ಹಿಡಿದು ನಿಂತೇ ಇದ್ದ. ಅವನಿಗೂ ಕೇಳುವ ಹಾಗೆ, ಅವರಿಗೂ ಕೇಳುವ ಹಾಗೆ ಹೇಳಿದೆ.

“ಮುತ್ತೈದೀದು.”